ಬಾಳಕ್ಕನ ದವಡೆ, ನನ್ನ ದವಡೆ

ಸಮೃದ್ಧಿ, ಓಂಕಾರ,

ನಿಮ್ಮ ಆಯಿ, ನಿಮ್ಮ ಅಪ್ಪನ ಅವ್ವ, ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ನನಗೆ ಬಾರದು, ಅದು ನಿಮಗೂ ಗೊತ್ತು. ಮನೆಗೆ ಯಾರಾದರೂ ಬಂದರೆ ಚಹಾದ ತಾಟು ಇಟ್ಟು ಒಳಗೆ ಹೋಗಿಬಿಡುವವಳು ನಾನು. ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿದ ಮೇಲೆ ಇಷ್ಟು ಉದ್ದ ಯಾವತ್ತೂ ಬರೆದಿಲ್ಲ. ಅಕ್ಷರ ಸೊಟ್ಟ ಕಂಡರೆ ನಗಬೇಡಿ.

ಈ ಮನೆಯಲ್ಲಿ ಇಬ್ಬರು ಹೆಂಗಸರಿಗೆ ಒಂದೇ ಬೇನೆ ಬಂತು. ಇಬ್ಬರಿಗೂ ಅದು ದವಡೆಯಿಂದಲೇ ಶುರುವಾಯಿತು. ಒಬ್ಬಳು ಉಳಿದು ಇದನ್ನು ಬರೆಯುತ್ತಿದ್ದಾಳೆ. ಇನ್ನೊಬ್ಬಳು ನಿಮ್ಮ ದೊಡ್ಡಾಯಿ, ಬಾಳಕ್ಕ. ನಾನು ಹೇಗೆ ಉಳಿದೆ, ಅವಳನ್ನು ಉಳಿಸಿಕೊಳ್ಳಲು ಏನೆಲ್ಲ ಮಾಡಿದೆ, ಅದು ಹೇಗೆ ಆಗದೆ ಹೋಯಿತು ಎಂಬುದನ್ನು ನೀವು ತಿಳಿದಿರಬೇಕು. ಅದರಲ್ಲೂ ಸಮೃದ್ಧಿ, ನೀನು.

ಬಾಳಕ್ಕ ನನ್ನ ನೆಗೆಣ್ಣಿ, ನಿಮ್ಮ ಅಜ್ಜನ ಅಣ್ಣನ ಹೆಂಡತಿ. ನಾನು ಭೋಜ ಗ್ರಾಮದ ಹತ್ತಿರದ ಈ ಮನೆಗೆ ಮದುವೆಯಾಗಿ ಬಂದಾಗ ಒಲೆಯೂ ಕೊಟ್ಟಿಗೆಯೂ ಅವಳ ಕೈಯಲ್ಲಿದ್ದವು. ಅವಳಿಗೆ ಮಕ್ಕಳಾಗಲಿಲ್ಲ. ನಿಮ್ಮ ಅಪ್ಪ ಮಹಾದೇವನನ್ನು ಹೆತ್ತದ್ದು ನಾನು. ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಹೋದದ್ದು, ಶಾಲೆಗೆ ಹೋಗದಿದ್ದಾಗ ಅಟ್ಟಿಸಿಕೊಂಡು ಹೋದದ್ದು ಅವಳು. ಅವಳ ಗಂಡ ಹೋದರು, ಆಮೇಲೆ ನಿಮ್ಮ ಅಜ್ಜ ಹೋದರು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡೆವು. ಅವಳದು ದೊಡ್ಡ ಬಾಯಿ. ನನ್ನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು.

ಇನ್ನು ಮಿಶ್ರಿಯ ವಿಷಯ ಹೇಳಬೇಕು. ನೀವು ಅದನ್ನು ನೋಡಿದ್ದೀರಿ, ಆದರೆ ನಿಮ್ಮ ಮಕ್ಕಳು ನೋಡದೆ ಇರಬಹುದು. ಹಾಗೆಯೇ ಆಗಲಿ. ಒಣಗಿದ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಕುಟ್ಟಿ, ಅರಿವೆಯಲ್ಲಿ ಸೋಸಿದರೆ ಮಿಶ್ರಿ. ಬೆಳಿಗ್ಗೆ ಎದ್ದು ಅದನ್ನು ಬೆರಳಿನಿಂದ ಹಲ್ಲಿಗೆ ತಿಕ್ಕುವುದು. ನಮ್ಮ ನಿಪ್ಪಾಣಿ ಕಡೆ ಹೊಲದಲ್ಲಿ ತಂಬಾಕು, ಪೇಟೆಯ ವಖಾರಿಗಳಲ್ಲಿ ತಂಬಾಕು, ಆ ವಖಾರಿಗೆ ಕೂಲಿಗೆ ಹೋಗುವ ಹೆಂಗಸರ ಸೀರೆಯ ತುಂಬ ತಂಬಾಕಿನ ವಾಸನೆ. ಆದರೂ ಮಿಶ್ರಿಯನ್ನು ನಾವು ಯಾರೂ ತಂಬಾಕು ಎನ್ನುತ್ತಿರಲಿಲ್ಲ. ತಂಬಾಕು ಎಂದರೆ ಗಂಡಸರು ಸುಣ್ಣ ಹಚ್ಚಿ ತಿಕ್ಕಿ ಬಾಯಿಗೆ ಹಾಕಿಕೊಳ್ಳುವುದು, ಬೀಡಿ ಸೇದುವುದು. ಮಿಶ್ರಿ ಎಂದರೆ ಹಲ್ಲು ತಿಕ್ಕುವುದು. ಮುಖ ತೊಳೆದ ಹಾಗೆ.

ಬಾಳಕ್ಕ ಮಿಶ್ರಿ ಹುರಿಯಲು ಕೂತರೆ ಓಣಿಯೆಲ್ಲ ಕೆಮ್ಮುತ್ತಿತ್ತು. ಆಕಡೆಯ ಮನೆಯಿಂದ, "ಬಾಳವ್ವಾ, ನಮ್ಮನ್ನ ಹೊಗಿ ಹಾಕಿ ಓಡಸ್ತಿ ಏನ್?" ಎಂದು ಕೂಗುತ್ತಿದ್ದರು. ಇವಳು, "ಹುರದ ಮ್ಯಾಲ ಡಬ್ಬಿ ಹಿಡಕೊಂಡ ಬರ್ತಿಯಲ್ಲಾ, ಆವಾಗ ಮೂಗ ಎಲ್ಲಿ ಇಟ್ಟ ಬರ್ತಿ?" ಎನ್ನುತ್ತಿದ್ದಳು.

ಹಿತ್ತಲಲ್ಲಿ, ಎಮ್ಮೆಗಳ ನೀರಿನ ತೊಟ್ಟಿಯ ಪಕ್ಕ ಅರಿವೆ ಒಗೆಯುವ ಕಲ್ಲಿದೆಯಲ್ಲ, ಅಲ್ಲಿ ನಾವಿಬ್ಬರೂ ಬೆಳಿಗ್ಗೆ ಮಿಶ್ರಿ ತಿಕ್ಕುತ್ತ ಕೂರುತ್ತಿದ್ದೆವು. ಬಾಯಿಯಲ್ಲಿ ಮಿಶ್ರಿ ಇರುವಷ್ಟು ಹೊತ್ತು ಯಾರೂ ನಮಗೆ ಕೆಲಸ ಹೇಳುತ್ತಿರಲಿಲ್ಲ. ನಮ್ಮ ಅತ್ತೆಯೂ ತಿಕ್ಕುತ್ತಿದ್ದರಾದ್ದರಿಂದ ಅವರೂ ಬೈಯುತ್ತಿರಲಿಲ್ಲ. ಸೊಸೆಯಾಗಿದ್ದ ಕಾಲದಲ್ಲಿ ದಿನಕ್ಕೆ ನಮ್ಮದು ಅಂತ ಇದ್ದದ್ದು ಅದೊಂದೇ ಹೊತ್ತು. ತವರಿನ ಸುದ್ದಿ, ಅಳು, ನಗು ಎಲ್ಲ ಅಲ್ಲೇ. ಆಮೇಲೆ ನಾವೇ ಅತ್ತೆಯರಾದೆವು, ಕೂರುವುದು ಮಾತ್ರ ಬಿಡಲಿಲ್ಲ.

ನನ್ನ ದವಡೆ ನೋವು ಶುರುವಾದದ್ದು ಒಂದು ಸುಗ್ಗಿಯಲ್ಲಿ. ಮೇವಿನ ಹೊರೆ ಹೊತ್ತು ಹೊಲದ ಏರಿ ಹತ್ತುವಾಗ ಎಡಗಡೆಯ ಕೆಳದವಡೆಯಲ್ಲಿ ಯಾರೋ ಒಳಗಿನಿಂದ ಹಿಂಡಿದಂತೆ. ಹೊರೆ ಇಳಿಸಿ ಕೂತರೆ ಸಾವಕಾಶ ಬಿಡುತ್ತಿತ್ತು. ಬಾಳಕ್ಕನಿಗೆ ಹೇಳಿದೆ.

"ಹಲ್ಲ ಬೇ ಅದು. ಹುಳಾ ಹತ್ತೇತಿ," ಎಂದಳು. "ಕೂಡ ಇಲ್ಲಿ. ಒಂದ್ ಚಿಟಿಕಿ ಮಿಶ್ರಿ ಗಲ್ಲದಾಗ ಒತ್ತಿ ಹಿಡಿ."

ನಮ್ಮಲ್ಲಿ ಹಲ್ಲು ನೋವಿಗೆ ಎಲ್ಲರೂ ಅದನ್ನೇ ಮಾಡುತ್ತಾರೆ. ನಾನೂ ಒತ್ತಿ ಹಿಡಿದು ಕೂತೆ. ನೋವು ಹೋಯಿತು. ಮತ್ತೆ ಬಂದಾಗ ಮತ್ತೆ ಹಾಗೇ ಮಾಡಿದೆ. ನೋವು ಹೋಗುತ್ತಿದ್ದದ್ದು ಹೊರೆ ಇಳಿಸಿ ಕೂತದ್ದರಿಂದ, ಮಿಶ್ರಿಯಿಂದ ಅಲ್ಲ. ಇದು ಇಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವಂಥದ್ದೂ ಅಲ್ಲ. ನಿಪ್ಪಾಣಿಯಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿದಾಗ ಅವರು ಬಡಿದು ನೋಡಿ, "ಹಲ್ಲ ಗಟ್ಟಿ ಅದಾವಲ್ಲ ಆಯಿ," ಎಂದು ನೋವಿನ ಗುಳಿಗೆ ಕೊಟ್ಟರು. ಬಾಳಕ್ಕ ಮನೆಯಲ್ಲಿ, "ಅವಂಗೇನ ತಿಳಿತೈತಿ? ಅವನ ಹಲ್ಲ ಇನ್ನೂ ಹಾಲ್ಹಲ್ಲ," ಎಂದಳು.

ಅದು ಒಡೆದು ಬಂದದ್ದು ಒಂದು ಬೆಳಿಗ್ಗೆ, ಎಮ್ಮೆ ಹಿಂಡುವಾಗ. ಮೊದಲು ದವಡೆ, ಆಮೇಲೆ ಬೆನ್ನಿಗೆ ಹಗ್ಗ ಸುತ್ತಿ ಎಳೆದಂತೆ. ಎದೆಯಲ್ಲಿ ನೋವು ಅಂತ ಅನ್ನಿಸಲೇ ಇಲ್ಲ. ಮೈಯೆಲ್ಲ ತಣ್ಣನೆಯ ಬೆವರು. ಹಾಲಿನ ಚರಿಗೆ ಉರುಳಿತು. ನಿಮ್ಮ ಅವ್ವ ರೇಖಾ ಓಡಿ ಬಂದು, "ಪಿತ್ತ ಆಗೇತೇನ್ ಅತ್ತಿ?" ಎಂದು ನಿಂಬೆಹಣ್ಣಿನ ನೀರು ಮಾಡಲು ಹೋದಳು. ಬಾಳಕ್ಕ ಕೊಟ್ಟಿಗೆಗೆ ಬಂದು ನನ್ನ ಮುಖ ಒಮ್ಮೆ ನೋಡಿದಳು, ಅಷ್ಟೇ.

"ಮಾದೇವಾ! ಗಾಡಿ ತಗಿ! ಇದು ಪಿತ್ತಲ್ಲ!"

"ದೊಡ್ಡವ್ವಾ, ಮೊದಲ ನಮ್ಮೂರ ಡಾಕ್ಟರ್‌ಗೆ..."

"ನಮ್ಮೂರ ಡಾಕ್ಟರ್ ಇನ್ನೂ ಹಾಸಿಗ್ಯಾಗ ಇರ್ತಾನ. ತಗೀ ಅಂದ್ರ ತಗೀ!"

ನಾನು ಇವತ್ತು ಬದುಕಿರುವುದು ಆ ಕೂಗಿನಿಂದ. ನಿಪ್ಪಾಣಿಯ ದವಾಖಾನೆಯಲ್ಲಿ ಎದೆಗೆ ತಂತಿ ಹಚ್ಚಿ ಕಾಗದ ತೆಗೆದರು. ಕಾಗದ ನೋಡಿದ ಡಾಕ್ಟರು ನನ್ನೊಡನೆ ಮಾತಾಡಲಿಲ್ಲ, ನಿಮ್ಮ ಅಪ್ಪನನ್ನು ಹೊರಗೆ ಕರೆದರು. ಆಗ ನನಗೆ ಅಂಜಿಕೆ ಹತ್ತಿತು. ಗುಳಿಗೆಗಳನ್ನು ಜಗಿಯಲು ಹೇಳಿ, ಆಂಬುಲೆನ್ಸಿನಲ್ಲಿ ಕೊಲ್ಹಾಪುರಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಬಾಳಕ್ಕ ನನ್ನ ಪಾದ ತಿಕ್ಕುತ್ತ ಕೂತಿದ್ದಳು. ಅವತ್ತು ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ಅಂಜಿಕೆಯಾಯಿತು.

ಕೊಲ್ಹಾಪುರದ ದೊಡ್ಡ ದವಾಖಾನೆಯಲ್ಲಿ ನನ್ನನ್ನು ಒಳಗೆ ಒಯ್ಯುವ ಮೊದಲು ಒಬ್ಬರು ಅವಸರದಲ್ಲಿ ಒಂದಾದ ಮೇಲೊಂದು ಕೇಳಿದರು. ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ, ತಂಬಾಕು, ಬೀಡಿ, ಗುಟ್ಕಾ ಇದೆಯೇ.

"ಛೇ ಛೇ, ಇಲ್ರಿ," ಎಂದ ನಿಮ್ಮ ಅಪ್ಪ. "ನಮ್ಮ ಮನ್ಯಾಗ ಗಂಡಸರೂ ತಂಬಾಕ ಮುಟ್ಟೂದಿಲ್ರಿ. ಇಕಿ ನಮ್ಮ ಅವ್ವ."

ನಾನೂ ತಲೆ ಆಡಿಸಿದೆ. ಬಾಳಕ್ಕನೂ ಆಡಿಸಿದಳು. ಯಾರೂ ಸುಳ್ಳು ಹೇಳಲಿಲ್ಲ, ಮಕ್ಕಳೇ. ನಮಗೆ ಅದೇ ಖರೆಯಾಗಿತ್ತು.

ಕೈಯ ಮಣಿಕಟ್ಟಿನಿಂದ ತಂತಿ ಬಿಟ್ಟು, ಎದೆಯ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಬಿಡಿಸಿ, ಅಲ್ಲಿ ಸಣ್ಣ ಜಾಳಿಗೆಯ ನಳಿಗೆ ಕೂಡಿಸಿದರು. ನನಗೆ ಎಚ್ಚರವಿತ್ತು. ಪರಗಂಡಸರ ಮುಂದೆ ಸೀರೆಯಿಲ್ಲದೆ ಹಸಿರು ಅರಿವೆಯಲ್ಲಿ ಮಲಗಿದ ನಾಚಿಕೆಯೇ ನೋವಿಗಿಂತ ದೊಡ್ಡದಾಗಿತ್ತು. ಅಲ್ಲಿದ್ದ ನರ್ಸಮ್ಮ ಅದನ್ನು ಹೇಗೆ ತಿಳಿದಳೋ, ಏನೂ ಹೇಳದೆ ಒಂದು ಚಾದರ ತಂದು ಕೊರಳವರೆಗೆ ಹೊದಿಸಿದಳು. ಅವಳ ಮುಖ ಮರೆತಿದ್ದೇನೆ, ಚಾದರ ಮರೆತಿಲ್ಲ.

ಹೊರಗೆ ನಿಮ್ಮ ಅವ್ವ ಕಟ್ಟೆಯ ಮೇಲೆ ಕೂತಿದ್ದಳಂತೆ. ಪಕ್ಕದಲ್ಲಿ ರಾಯಬಾಗ ಕಡೆಯ ಒಬ್ಬ ಹೆಣ್ಣುಮಗಳು, ಅವಳ ಗಂಡ ಒಳಗೆ. ಗುರುತಿಲ್ಲ, ಪರಿಚಯವಿಲ್ಲ, ತನ್ನ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ನಿಮ್ಮ ಅವ್ವನ ಕೈಗಿಟ್ಟಳಂತೆ. "ಉಣ್ಣ ತಂಗಿ. ನಾವ್ ಇಲ್ಲಿ ಬಿದ್ರ ಒಳಗಿನವರ್ನ ನೋಡೂರ್ ಯಾರ?" ಎಂದಳಂತೆ. ಮರುದಿನ ಆ ಹೆಣ್ಣುಮಗಳು ಅಲ್ಲಿರಲಿಲ್ಲ. ಅವಳ ಗಂಡನಿಗೆ ಏನಾಯಿತು ಎಂದು ಕೇಳಲು ನಿಮ್ಮ ಅವ್ವನಿಗೆ ಧೈರ್ಯವಾಗಲಿಲ್ಲ.

ಐಸಿಯು ಕೋಣೆಯಿಂದ ವಾರ್ಡಿಗೆ ತಂದರು. ಅಲ್ಲಿ ನನಗೆ ತಲೆ ಸಿಡಿಯತೊಡಗಿತು. ಹೊಟ್ಟೆ ಕಟ್ಟಿತು. ಯಾರ ಮಾತೂ ಸೇರುತ್ತಿರಲಿಲ್ಲ. ಇದು ಮಿಶ್ರಿ ಇಲ್ಲದ್ದಕ್ಕೆ ಎಂದು ನಿಮ್ಮ ಅವ್ವನಿಗೆ ಅರ್ಥವಾಯಿತು. ಊರಿಗೆ ಹೋಗಿ ಬರುವಾಗ ಸೆರಗಿನಲ್ಲಿ ಮಿಶ್ರಿ ಡಬ್ಬಿ ಕಟ್ಟಿಕೊಂಡು ಬಂದಳು. "ಹಲ್ಲ ತಿಕ್ಕೋರಿ ಅತ್ತಿ, ಹಗೂರ ಆಗ್ತೈತಿ," ಎಂದಳು. ಅಷ್ಟು ದಿನದಲ್ಲಿ ನನಗೆ ಬೇಕಾದದ್ದನ್ನು ಕೇಳದೆ ತಂದುಕೊಟ್ಟವಳು ಅವಳೊಬ್ಬಳೇ. ಬೇಸಿನ್ನಿನ ಮುಂದೆ ನಿಂತು ತಿಕ್ಕಿದೆ. ಜೀವ ಬಂದ ಹಾಗಾಯಿತು. ಮಧ್ಯಾಹ್ನ ಮತ್ತೆ ತಿಕ್ಕಿದೆ. ಸಂಜೆಗೆ ದವಡೆಯಲ್ಲಿ ಮತ್ತೆ ಅದೇ ಹಿಂಡು, ಬೆನ್ನಲ್ಲಿ ಮತ್ತೆ ಅದೇ ಹಗ್ಗ.

ಎಲ್ಲರೂ ಓಡಿ ಬಂದರು. ಮತ್ತೆ ತಂತಿ ಬಿಟ್ಟು ನೋಡಿದರು. ಕೂಡಿಸಿದ ನಳಿಗೆ ಸರಿಯಾಗಿದೆ, ಅದರ ಆಚೆಗೆ ನಾಳ ಮುದುಡಿಕೊಂಡಿದೆ ಎಂದರು. ಯಾಕೆ ಎಂದು ಅವರಿಗೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ, ವಾರ್ಡಿನಲ್ಲಿ ನನ್ನನ್ನು ನೋಡುತ್ತಿದ್ದ ಡಾಕ್ಟರಬಾಯಿ ಸ್ವಲ್ಪ ಬೇಗ ಬಂದರು. ಅವರ ತವರು ಅಥಣಿ ಕಡೆ, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನು ಆಗಷ್ಟೇ ಹಲ್ಲು ತಿಕ್ಕಿ ಬಾಯಿ ತೊಳೆಯಲು ಎದ್ದಿದ್ದೆ.

"ಆಯಿ, ಬಾಯಿ ಯಾಕ ಇಷ್ಟ ಕರ್ರಗ ಐತಿ?"

"ಹಲ್ಲ ತಿಕ್ಕಾಕತ್ತಿದ್ನಿರಿ."

"ಏನ ಹಚ್ಚಿ?"

"ಮಿಶ್ರಿರಿ."

ಅವರು ಡಬ್ಬಿ ತೆಗೆದುಕೊಂಡು ಮೂಸಿ ನೋಡಿದರು. ಹಾಸಿಗೆಯ ಅಂಚಿಗೆ ಕೂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ನಮ್ಮ ಅಜ್ಜೀನೂ ತಿಕ್ಕತಿದ್ಲು," ಎಂದರು. "ತಂಬಾಕ ಐತೇನ್ ಅಂತ ಕೇಳಿದ್ವಿ, ನೀವು ಇಲ್ಲ ಅಂದ್ರಿ. ಮಿಶ್ರಿ ಐತೇನ್ ಅಂತ ನಾವ ಕೇಳಬೇಕಾಗಿತ್ತು."

ನಿಮ್ಮ ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸೆರಗು ಬಾಯಿಗೆ ಇಟ್ಟುಕೊಂಡು ಗೋಡೆಗೆ ಒರಗಿದಳು. ಆ ಡಬ್ಬಿ ತಂದವಳು ತಾನು ಎಂದು ಅವಳು ಬಹಳ ದಿನ ಅತ್ತಿದ್ದಾಳೆ. ಇನ್ನು ಮುಂದೆ ಯಾರಾದರೂ ಅವಳಿಗೆ ಅದನ್ನು ನೆನಪಿಸಿದರೆ ನೀವು ಸುಮ್ಮನಿರಬೇಡಿ. ಅವಳು ತಂದದ್ದು ನನ್ನ ಮೇಲಿನ ಕರುಳಿನಿಂದ.

ಡಾಕ್ಟರಬಾಯಿ ನನಗೆ ತಿಳಿಯುವ ಹಾಗೆ ಹೇಳಿದರು. ರಕ್ತದಲ್ಲಿ ಬಹಳ ಸಣ್ಣ ಕಣಗಳಿವೆ, ಪ್ಲೇಟ್‌ಲೆಟ್ ಅನ್ನುತ್ತಾರೆ. ಕುಡುಗೋಲು ತಾಗಿದಾಗ ಅವು ಒಂದನ್ನೊಂದು ಹಿಡಿದುಕೊಂಡು ರಕ್ತ ನಿಲ್ಲಿಸುತ್ತವೆ. ಹಿಡಿದುಕೊಳ್ಳಿ ಎಂದು ಅವಕ್ಕೆ ಒಳಗಿಂದ ಹೇಳುವುದು ಕ್ಯಾಲ್ಸಿಯಂ. ಕಣದೊಳಗೆ ಅದು ಏರಿದರೆ ಕಣ ಅಂಟುತ್ತದೆ, ಇಳಿದರೆ ಬಿಡುತ್ತದೆ. ಆ ಏರಿಳಿತ ಹದದಲ್ಲಿರಬೇಕು. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಆ ಹದ ತಪ್ಪುವುದುಂಟು, ತಂಬಾಕು ಅದಕ್ಕೆ ಕುಮ್ಮಕ್ಕು ಕೊಡುತ್ತದೆ, ಗಾಯವೇ ಇಲ್ಲದ ಕಡೆ ಹೆಪ್ಪುಗಟ್ಟುತ್ತದೆ. ಎದೆಯ ನಾಳ ಮುದುಡುವುದಕ್ಕೂ ತಂಬಾಕು ಕಾರಣವಾಗುತ್ತದೆ. ಇಷ್ಟು ನನಗೆ ತಿಳಿಯಿತು. ಇದೆಲ್ಲ ತಮಗೂ ಇನ್ನೂ ಪೂರ್ತಿ ಗೊತ್ತಿಲ್ಲ ಎಂದೂ ಅವರು ಹೇಳಿದರು. ಗೊತ್ತಿಲ್ಲ ಎಂದು ಹೇಳುವ ಡಾಕ್ಟರರನ್ನು ನಾನು ನೋಡಿದ್ದು ಅದೇ ಮೊದಲು.

ನನಗೆ ಒಂದು ಸಂಶಯವಿತ್ತು. "ಮಣಕಾಲ ನೋವಂತ ಕ್ಯಾಲ್ಸಿಯಂ ಗುಳಿಗಿ ನುಂಗತಿದ್ನಿರಿ. ಹಾಲ ಮನ್ಯಾಗ ಬೇಕಾದಷ್ಟ ಐತಿ. ಅದರಿಂದ ಆತೇನ್ರಿ?"

"ಇಲ್ಲ ಆಯಿ. ಹಾಲ ಕುಡೀರಿ. ಗುಳಿಗಿ ಬೇಕೋ ಬ್ಯಾಡೋ ನಾ ಹೇಳ್ತೀನಿ. ನೀವು ಬಿಡೂದು ಈ ಡಬ್ಬಿ ಒಂದ."

ಬಿಡುವುದು ಎಂದರೆ ಏನೆಂದು ಅವರಿಗೆ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಡಬ್ಬಿಯ ಜೊತೆಗೆ ಆ ಕಲ್ಲಿನ ಮೇಲಿನ ಹೊತ್ತೂ ಹೋಗುತ್ತದಲ್ಲ ಎಂದು ನನಗೆ ಅಳು ಬಂತು.

ಮನೆಗೆ ಬಂದೆ. ಬಾಳಕ್ಕ ಬಾಗಿಲಲ್ಲಿ ನೀರು ನಿವಾಳಿಸಿ ಚೆಲ್ಲಿದಳು. "ಏನ ಬೇ, ಅಲ್ಲಿ ಗಾದಿ ಮ್ಯಾಲ ಮಲಗಿ ಬಂದಿ. ಎಮ್ಮಿ ನಿನ್ನ ಮಾರಿ ಮರತ ಬಿಟ್ಟಾವ," ಎಂದಳು. ಮರುದಿನ ಬೆಳಿಗ್ಗೆ ನಾನು ಬೇವಿನ ಕಡ್ಡಿ ಹಿಡಿದು ಕಲ್ಲಿನ ಮೇಲೆ ಕೂತಾಗ ಅವಳೂ ಒಂದು ಬೇವಿನ ಕಡ್ಡಿ ಹಿಡಿದು ಬಂದು ಕೂತಳು. ಒಮ್ಮೆ ಜಗಿದು ಮುಖ ಕಿವಿಚಿದಳು.

"ಥೂ! ಆಡಿಗಿ ಹಾಕೂದನ್ನ ನನಗ ತಿನಸಾಕತ್ತಿ."

"ನಿನಗ್ಯಾರ ತಿನ್ನ ಅಂದ್ರು ಅಕ್ಕಾ?"

"ನೀ ಒಬ್ಬಾಕೆ ಇದನ್ನ ಅಗಕೋತ ಕುಂದರ್ತಿ, ನಾ ಬಾಜೂಕ ಮಿಶ್ರಿ ತಿಕ್ಕೋತ ಕುಂದರ್ಲಿ? ನಾ ಏನ ರಾಕ್ಷಸಿ ಏನ?"

ನನ್ನ ಮುಂದೆ ಅವಳು ಮತ್ತೆ ಯಾವತ್ತೂ ಮಿಶ್ರಿ ತಿಕ್ಕಲಿಲ್ಲ. ಆಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ತಿಕ್ಕುತ್ತಿದ್ದಳು. ನನಗೆ ವಾಸನೆ ಬರುತ್ತಿತ್ತು. ಬರುತ್ತದೆ ಎಂದು ಅವಳಿಗೂ ಗೊತ್ತಿತ್ತು. ಡಾಕ್ಟರಬಾಯಿ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಕೇಳಿ ನಕ್ಕಳು. "ನಿನ್ನ ರಕ್ತ ನಿನ್ನಂಗ ಅಂಜಬುರಕ. ಏನರ ಆದ್ರ ಒಂದನ್ನೊಂದ ಹಿಡಕೊಂಡ ಮೂಲ್ಯಾಗ ಕುಂದರ್ತೈತಿ. ನಂದ ಹಂಗಲ್ಲ."

ಆದರೆ ನಾನು ನೋಡುತ್ತಿದ್ದೆ. ನೀರಿನ ಕೊಡ ಹೊತ್ತು ಬರುವವಳು ನಡುದಾರಿಯಲ್ಲಿ ಇಳಿಸುತ್ತಿದ್ದಳು. ಯಾರಾದರೂ ಬಂದರೆ ಸೀರೆ ಸರಿಮಾಡಿಕೊಳ್ಳಲು ನಿಂತವಳ ಹಾಗೆ ಮಾಡುತ್ತಿದ್ದಳು. ಉಣ್ಣುವಾಗ ಒಮ್ಮೊಮ್ಮೆ ಕೈ ದವಡೆಗೆ ಹೋಗುತ್ತಿತ್ತು. ಬೇರೆ ಯಾರಿಗೂ ಕಾಣದ್ದು ನನಗೆ ಕಾಣುತ್ತಿತ್ತು, ಯಾಕೆಂದರೆ ನಾನು ಆ ಹಾದಿಯಲ್ಲಿ ಹೋಗಿ ಬಂದವಳು. "ಅಕ್ಕಾ, ಒಮ್ಮಿ ತೋರಸೂನ ನಡಿ," ಎಂದರೆ, "ಹಲ್ಲ ಬೇ," ಎನ್ನುತ್ತಿದ್ದಳು. ನಿಮ್ಮ ಅಪ್ಪನಿಂದ ಹೇಳಿಸಿದೆ. "ನಿನ್ನ ಮುಕಳಿ ತೊಳದೀನಿ, ನನಗ ಬುದ್ಧಿ ಹೇಳಾಕ ಬಂದಿ?" ಎಂದು ಅವನನ್ನು ಓಡಿಸಿದಳು. ನನಗೆ ಜೋರು ಮಾಡಲು ಬಾರದು. ಅವಳೆದುರು ನಾನು ಜೋರು ಮಾಡಿದ್ದೇ ಇಲ್ಲ. ದಿನಾ ಒಂದು ಮಾತು ಹೇಳುವುದು, ಅವಳು ಅದನ್ನು ನಗೆಯಲ್ಲಿ ತೇಲಿಸುವುದು, ಹೀಗೇ ಮಳೆಗಾಲ ಕಳೆಯಿತು.

ನಡುವೆ ನಾನು ತೋರಿಸಲು ಕೊಲ್ಹಾಪುರಕ್ಕೆ ಹೋದಾಗ ಡಾಕ್ಟರಬಾಯಿ ಒಂದು ಮಾತು ಕೇಳಿದರು. ಹೆಂಗಸರ ರಕ್ತದ ಈ ಕಣಗಳಲ್ಲಿ ಕ್ಯಾಲ್ಸಿಯಂ ಹೇಗೆ ಏರಿಳಿಯುತ್ತದೆ ಎಂದು ತಾವು ಕೆಲವರು ಕೂಡಿ ಅಭ್ಯಾಸ ಮಾಡುತ್ತಿದ್ದೇವೆ, ಸ್ವಲ್ಪ ರಕ್ತ ಕೊಡುತ್ತೀರಾ ಎಂದರು. "ನಿಮ್ಮ ಮನಿಯವರ, ನಿಮ್ಮಂಗ ದುಡದವರು, ನಿಮ್ಮಂಗ ಮಿಶ್ರಿ ತಿಕ್ಕಿದವರು, ಬ್ಯಾನಿ ಇಲ್ಲದವರು ಯಾರರ ಇದ್ರ ಅವರೂ ಬಂದ್ರ ಛಲೋ ಆಗತಿತ್ತು."

ಬೇನೆ ಇಲ್ಲದವರು ಎಂದ ಕೂಡಲೆ ನನಗೆ ದಾರಿ ಕಂಡಿತು. ಮನೆಗೆ ಬಂದು ಬಾಳಕ್ಕನಿಗೆ ಹೇಳಿದೆ. "ನಿನಗ ಬ್ಯಾನಿ ಐತಿ ಅಂತಲ್ಲಕ್ಕಾ. ಗಟ್ಟಿ ಇದ್ದವರ ರಕ್ತ ಅವರಿಗೆ ಬೇಕಾಗೇತಂತ."

ಅವಳು ಕಸಬರಿಗೆ ಕೆಳಗಿಟ್ಟಳು. "ನಂದ?"

"ಹೂಂ."

"ಎಷ್ಟ್ ತಗೀತಾರ? ಚರಗಿ ತುಂಬ?"

"ಇಷ್ಟ. ಶೀಶಾದಾಗ."

"ಕೊಡೂದಾದ್ರ ಬರ್ತೀನಿ," ಎಂದಳು. "ತೋರಸಾಕ ಆದ್ರ ಬರೂದಿಲ್ಲ, ನೋಡ ಮತ್ತ."

ತನಗಾಗಿ ಒಂದು ಹೆಜ್ಜೆ ಇಡದವಳು ಕೊಡುವುದಕ್ಕೆ ಕೂಡಲೇ ಎದ್ದಳು. ಅಲ್ಲಿಗೆ ಒಮ್ಮೆ ಮುಟ್ಟಿಸಿದರೆ ಸಾಕು, ಡಾಕ್ಟರಬಾಯಿ ಅವಳ ಮುಖ ನೋಡಿದರೆ ಸಾಕು, ಬಿಡುವುದಿಲ್ಲ ಎಂದು ನನಗೆ ನಂಬಿಕೆಯಿತ್ತು. ಅವಳು ಯಾವ ಸೀರೆ ಉಡಲಿ ಎಂದು ನಿಮ್ಮ ಅವ್ವನನ್ನು ಕೇಳಿದಳು. ಡಾಕ್ಟರಬಾಯಿಗೆ ಕೊಡಲು ತುಪ್ಪ ಕಾಸಿ ಇಟ್ಟಳು. ಓಣಿಯಲ್ಲೆಲ್ಲ, "ಕೊಲ್ಹಾಪುರದವರಿಗೆ ನನ್ನ ರಕ್ತ ಬೇಕಾಗೇತಿ," ಎಂದು ಹೇಳಿಕೊಂಡು ಬಂದಳು. ಅಷ್ಟು ಹಿಗ್ಗಿದ್ದನ್ನು ನಾನು ನೋಡಿರಲಿಲ್ಲ. ನನ್ನ ಮುಂದಿನ ತಪಾಸಣೆಯ ದಿನ ಇಬ್ಬರೂ ಕೂಡಿ ಹೋಗುವುದೆಂದಾಯಿತು, ನಿಮ್ಮ ಅಪ್ಪ ಅದನ್ನು ಡಾಕ್ಟರಬಾಯಿಗೂ ಫೋನಿನಲ್ಲಿ ತಿಳಿಸಿದ.

ಆ ವಾರ ದೊಡ್ಡ ಎಮ್ಮೆ ಈಯಿತು. ಬಾಳಕ್ಕ ಅದರ ಆರೈಕೆಯಲ್ಲೇ ಇದ್ದಳು. ನಾವು ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋದಾಗ ಅವಳು ಆಗಲೇ ಕಲ್ಲಿನ ಮೇಲೆ ಕೂತಿದ್ದಳು. ಕೈ ದವಡೆಯ ಮೇಲೆ. ಗಲ್ಲ ಉಬ್ಬಿತ್ತು, ತುಟಿಯ ಅಂಚಿನಲ್ಲಿ ಕಪ್ಪು. ನನ್ನನ್ನು ನೋಡಿ ಮುಚ್ಚಿಕೊಳ್ಳಲೂ ಇಲ್ಲ.

"ಹಲ್ಲ ಬೇ ಶೇವಂತಿ," ಎಂದಳು. "ಖರೇನ ಹಲ್ಲ."

ಹಣೆಯ ಮೇಲೆ ಬೆವರಿನ ಹನಿಗಳು ನಿಂತಿದ್ದವು. ನಾನು ಕೂಗಿದೆ. ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ, ನನ್ನ ದನಿ ನನಗೇ ಗುರುತಾಗಲಿಲ್ಲ. ಸೆರಗಿನಿಂದ ಅವಳ ಬಾಯೊಳಗಿನ ಮಿಶ್ರಿ ಬಳಿದು ತೆಗೆದೆ. ನನಗೆಂದು ಕೊಟ್ಟಿದ್ದ, ನಾಲಿಗೆ ಕೆಳಗಿಡುವ ಗುಳಿಗೆ ಅವಳ ನಾಲಿಗೆ ಕೆಳಗಿಟ್ಟೆ. ನಿಮ್ಮ ಅಪ್ಪ ಗಾಡಿ ತೆಗೆದ. ಓಂಕಾರ, ನೀನು ಅಂಗಳದಲ್ಲಿ ನಿಂತು ಅಳುತ್ತಿದ್ದೆ, ನಿನಗೆ ನೆನಪಿದೆಯೋ ಇಲ್ಲವೋ.

ಗಾಡಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಊರು ದಾಟುವವರೆಗೆ ಮಾತಾಡುತ್ತಿದ್ದಳು.

"ಸಮೃದ್ಧಿಗಿ ಗಿಣ್ಣ ಮಾಡಿಟ್ಟೀನಿ. ನೆಲುವಿನ ಮ್ಯಾಲ ಐತಿ. ಬೆಕ್ಕ ನೋಡ್ರಿ."

"ಹೂಂ ಅಕ್ಕಾ."

"ನಾಳಿ ಹೋಗೂದ ತಪ್ಪೀತ ಏನ್ ಬೇ?"

"ಇಲ್ಲಕ್ಕಾ. ಇವತ್ತ ಹೊಂಟೇವಲ್ಲ."

"ತುಪ್ಪ ಮನ್ಯಾಗ ಉಳೀತ," ಎಂದಳು.

ಆಮೇಲೆ ಅವಳ ಕೈ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ನಿಪ್ಪಾಣಿ ಕಾಣುವ ಮೊದಲೇ ಆ ಹಿಡಿತ ಬಿಟ್ಟಿತು. ನಿಮ್ಮ ಅಪ್ಪ ಹಿಂದೆ ತಿರುಗಿ, "ದೊಡ್ಡವ್ವ ಹೆಂಗದಾಳ?" ಎಂದು ಕೇಳುತ್ತಲೇ ಇದ್ದ. ಅವನು ಗಾಡಿ ಓಡಿಸುತ್ತಿದ್ದಾನಲ್ಲ ಎಂದು ನಾನು, "ಮಲಗ್ಯಾಳ, ನೀ ಮುಂದ ನೋಡ್ಕೋತ ಹೊಡಿ," ಎಂದೆ. ದವಾಖಾನೆ ಬರುವವರೆಗೂ ಅವಳ ಗಲ್ಲ ಸವರುತ್ತ ಕೂತಿದ್ದೆ, ಮಗುವನ್ನು ಮಲಗಿಸಿದ ಹಾಗೆ.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರೆಲ್ಲ ಬಂದು ಪಡಸಾಲೆಯಲ್ಲಿ ಕೂತರು. ಅತ್ತು ಅತ್ತು ದಣಿದರು. ಒಬ್ಬರು ಸೊಂಟದ ಚೀಲದಿಂದ ಮಿಶ್ರಿ ಡಬ್ಬಿ ತೆಗೆದರು. ನಮ್ಮಲ್ಲಿ ಅದು ರೂಢಿ, ದುಃಖದ ಮನೆಯಲ್ಲಿ ಉಪವಾಸ ಕೂತವರಿಗೆ ಅದೇ ಆಸರೆ. ಡಬ್ಬಿ ಕೈಯಿಂದ ಕೈಗೆ ಬಂತು, ನನ್ನ ಕೈಗೂ ಬಂತು. ಮುಚ್ಚಳ ತೆಗೆದೇ ಇತ್ತು. ಆ ವಾಸನೆಯಲ್ಲಿ ಬಾಳಕ್ಕ ಇದ್ದಳು. ನನ್ನ ಇಡೀ ಮೈ ಅದನ್ನು ಬೇಡುತ್ತಿತ್ತು. ಒಂದು ಚಿಟಿಕೆ ತೆಗೆದುಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ನಾನು ಮುಚ್ಚಳ ಹಾಕಿದೆ. "ಇದು ತಂಬಾಕ," ಎಂದೆ. "ನಮ್ಮ ಅಕ್ಕ ಹಲ್ಲಬ್ಯಾನಿಯಿಂದ ಹೋಗಲಿಲ್ಲ."

ಅಷ್ಟು ಜನರ ಮುಂದೆ ನಾನು ಆಡಿದ ಮೊದಲ ಮಾತು ಅದು. ಯಾರೋ ಒಬ್ಬರು, "ದುಃಖದಾಗ ಏನೋ ಅಂತಾಳ, ಪಾಪ," ಎಂದರು. ಡಬ್ಬಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಆಚೆ ದಾಟಿಸಿದರು. ನಿಮ್ಮ ಅವ್ವ ಮಾತ್ರ ಎದ್ದು ಬಂದು ನನ್ನ ಪಕ್ಕ ಕೂತಳು.

ದಿನಗಳು ಕಳೆದ ಮೇಲೆ ನಾನು ಕೊಲ್ಹಾಪುರಕ್ಕೆ ಹೋದೆ. ಡಾಕ್ಟರಬಾಯಿ ನನ್ನ ಹಿಂದೆ ಬಾಗಿಲ ಕಡೆ ನೋಡಿದರು. "ನಿಮ್ಮ ಅಕ್ಕ ಬರ್ಲಿಲ್ಲೇನ್?" ಎಂದರು. ನಿಮ್ಮ ಅಪ್ಪ ಹೇಳಿದ. ಅವರು, ಇವತ್ತು ರಕ್ತ ಬೇಡ, ಮನೆಗೆ ಹೋಗಿ ಎಂದರು. ನಾನೇ ತೋಳು ಚಾಚಿದೆ. ಒಂದು ಸಣ್ಣ ಶೀಶೆಯಲ್ಲಿ ತುಂಬಿಕೊಂಡು ಅದರ ಮೇಲೆ ಚೀಟಿ ಅಂಟಿಸಿದರು. ಪಕ್ಕದಲ್ಲಿ ಬಾಳಕ್ಕನಿಗೆಂದು ಇಟ್ಟಿದ್ದ ಇನ್ನೊಂದು ಶೀಶೆ ಖಾಲಿ ಇತ್ತು. ಅದನ್ನು ಎತ್ತಿ ಕಸದ ಡಬ್ಬಕ್ಕೆ ಹಾಕಿಬಿಟ್ಟರು.

ಈಗ ನಾನು ಹುಷಾರಾಗಿದ್ದೇನೆ. ಗುಳಿಗೆ ತಪ್ಪಿಸುವುದಿಲ್ಲ, ಹೊಲದ ಏರಿಯವರೆಗೆ ನಡೆದು ಹೋಗಿ ಬರುತ್ತೇನೆ, ಹೊರೆ ಹೊರುವುದಿಲ್ಲ. ಆ ಗುಳಿಗೆಗಳ ದೆಸೆಯಿಂದ ಕುಡುಗೋಲು ತಾಗಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಅದಕ್ಕೆ ನಿಮ್ಮ ಅವ್ವ ಕುಡುಗೋಲನ್ನೇ ಬಚ್ಚಿಟ್ಟಿದ್ದಾಳೆ. ಬೆಳಿಗ್ಗೆ ಆ ಕಲ್ಲಿನ ಮೇಲೆ ಕೂರಲು ಇನ್ನೂ ಆಗುವುದಿಲ್ಲ. ಬಚ್ಚಲಲ್ಲೇ ಹಲ್ಲು ತಿಕ್ಕಿ ಬರುತ್ತೇನೆ. ಓಣಿಯಲ್ಲಿ ಇಬ್ಬರು ಮೂವರು ಹೆಂಗಸರು ಯಾರೂ ಇಲ್ಲದಾಗ ನನ್ನ ಹತ್ತಿರ ಬಂದು ದವಡೆ ಮುಟ್ಟಿ ತೋರಿಸಿ, "ನಿನಗ ಎಲ್ಲಿ ನೋಯತಿತ್ತ ಶೇವಂತಕ್ಕಾ? ಇಲ್ಲೇನ?" ಎಂದು ಕೇಳಿದ್ದಾರೆ. ಒಬ್ಬಳನ್ನು ನಿಮ್ಮ ಅಪ್ಪ ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗಿ ಬಂದಿದ್ದಾನೆ. ಅವಳು ಇದ್ದಾಳೆ.

ಸಮೃದ್ಧಿ, ನೀನು ಈ ಮನೆಯ ರಕ್ತ. ದೊಡ್ಡವಳಾದ ಮೇಲೆ ಹೊರೆ ಹೊತ್ತಾಗಲೋ ಮೆಟ್ಟಿಲು ಹತ್ತುವಾಗಲೋ ದವಡೆ ಹಿಂಡಿದಂತಾದರೆ ಹಲ್ಲು ಎಂದು ಕೂರಬೇಡ. ನಿನ್ನ ಆಯಿಗೆ ಹೀಗಾಗಿತ್ತು ಎಂದು ಡಾಕ್ಟರಿಗೆ ಹೇಳು. ಓಂಕಾರ, ನಿನ್ನ ಹೆಂಡತಿ, ನಿನ್ನ ಮಗಳು ಹೇಳಲು ನಾಚಿದರೆ ನೀನು ಕೇಳು, ಹೆಸರು ಹಿಡಿದು ಕೇಳು, ಕೇಳಿದ ಮೇಲೆ ಸುಮ್ಮನಿರಬೇಡ.

ನನ್ನ ರಕ್ತ ಕೊಲ್ಹಾಪುರದಲ್ಲಿ ಒಂದು ಶೀಶೆಯಲ್ಲಿದೆ. ಅದರಿಂದ ಯಾರಿಗಾದರೂ ಏನಾದರೂ ತಿಳಿದೀತು. ಬಾಳಕ್ಕ ಕೊಡಬೇಕೆಂದದ್ದು ಎಲ್ಲಿಯೂ ಮುಟ್ಟಲಿಲ್ಲ. ಅವಳಿಂದ ನಿಮಗೆ ಕೊಡಲು ನನ್ನ ಬಳಿ ಇರುವುದು ಈ ಹಾಳೆಗಳಷ್ಟೇ. ಮಳೆಗೆ ನೆನೆಯದ ಕಡೆ, ಇಲಿ ಮುಟ್ಟದ ಕಡೆ, ಮನೆಯ ಹೆಣ್ಣುಮಕ್ಕಳ ಕೈಗೆ ಎಟುಕುವ ಕಡೆ ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿ.